ಜಮಾಲವಾಡಿಗೆ ಬಂದ ಏಳು ಮನೆಯವರು

ದೀಪಾವಳಿ ಕಳೆದ ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಏಳು ಮನೆಯ ಮೂವತ್ತೊಂದು ಜನ ಜಮಾಲವಾಡಿಯ ಮುಂದೆ ಬಂದು ನಿಂತರು. ಜೊತೆಗೆ ಎರಡು ಬಂಡಿ, ನಲವತ್ತು ಕುರಿ. ಮುಂದಿನ ಬಂಡಿಯಲ್ಲಿ ಎಂಟು ತಿಂಗಳ ಬಸುರಿ ನಲಿನಿ ಹುಲ್ಲಿಗೆ ಒರಗಿ ಕೂತಿದ್ದಳು. ಅವಳ ಗಂಡ ಪ್ರಭಾಕರ ಮಾಸ್ತರ ನೊಗದ ಪಕ್ಕದಲ್ಲಿ ನಡೆದು ಬಂದಿದ್ದ.

ಇಷ್ಟು ಜನ, ಇಷ್ಟು ಕುರಿ ಬಂದು ನಿಂತರೂ ಊರೊಳಗಿಂದ ಯಾವ ಸದ್ದೂ ಬರಲಿಲ್ಲ.

"ಒಂದು ನಾಯಿ ಸುದ್ದಾ ಒದರಲಿಲ್ಲ ನೋಡ್ರಿ ಮಾಸ್ತರ್ರ," ಎಂದ ಹಣಮಂತಪ್ಪ. ಏಳೂ ಮನೆಗಳಿಗೆ ಹಿರಿಯನೆಂದರೆ ಅವನೇ. ಅರವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಕಂಬಳಿ. "ಮಂದಿ ಹೋಗಿರಬಹುದು. ನಾಯಿಗೆ ಏನಾಗಿತ್ತು?"

ಅವರ ಸ್ವಂತ ಊರು ಔರಾದದ ಆಚೆ ಇತ್ತು. ಆ ವೈಶಾಖದಲ್ಲಿ ರಜಾಕಾರರು ಅದಕ್ಕೆ ಬೆಂಕಿಯಿಟ್ಟಿದ್ದರು. ನಲಿನಿಯ ತಂದೆ ಅದೇ ಬೆಂಕಿಯಲ್ಲಿ ಹೋದರು. ಹೆಂಡತಿಯನ್ನು ಕರೆದೊಯ್ಯಲು ಭಾಲ್ಕಿಯಿಂದ ಬಂದಿದ್ದ ಪ್ರಭಾಕರ, ಊರವರ ಜೊತೆ ಅವಳನ್ನೂ ಕರೆದುಕೊಂಡು ನಿಜಾಮನ ಗಡಿ ದಾಟಿ ಸೋಲಾಪುರದ ಕಡೆಯ ಶಿಬಿರ ಸೇರಿದ್ದ. ಸೆಪ್ಟೆಂಬರದಲ್ಲಿ ಹಿಂದುಸ್ತಾನದ ಫೌಜು ಒಳಗೆ ಬಂತು. ಐದೇ ದಿನದಲ್ಲಿ ನಿಜಾಮನ ಆಟ ಮುಗಿಯಿತು. ಶಿಬಿರದಲ್ಲಿ ಸಕ್ಕರೆ ಹಂಚಿದರು. ಆದರೆ ಮರಳಿ ಬಂದು ನೋಡಿದರೆ ಊರಿನಲ್ಲಿ ಒಂದು ತೊಲೆಯೂ ಉಳಿದಿರಲಿಲ್ಲ. ಭಾಲ್ಕಿಯ ಸಾಲೆ ಇನ್ನೂ ತೆರೆದಿರಲಿಲ್ಲ. ಪ್ರಭಾಕರನ ಬಾಡಿಗೆ ಕೋಣೆಯಲ್ಲಿ ಬೇರೆ ಯಾರೋ ಇದ್ದರು.

ಔರಾದದ ಕಚೇರಿಯಲ್ಲಿ ಹೊಸದಾಗಿ ಬಂದಿದ್ದ ಕಾರಕೂನ ಹೇಳಿದ್ದ: "ಸಂತಪುರದಿಂದ ಎರಡು ಹರದಾರಿ ಮುಂದ ಜಮಾಲವಾಡಿ ಖಾಲಿ ಅದ. ಸದ್ಯ ಅಲ್ಲೇ ಕೂಡ್ರಿ. ನಿಮ್ಮ ಹೊಸ ಊರು, ಹೊಸ ಬಸ್ತಿ ಅಂತ ಬರಕೊಳ್ತೇನಿ."

"ಖಾಲಿ ಯಾಕ ಅದರಿ?" ಎಂದು ಪ್ರಭಾಕರ ಕೇಳಿದ್ದ. ಕಾರಕೂನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅವರು ಎದ್ದು ಬರುವತನಕ ಒರೆಸುತ್ತಲೇ ಇದ್ದ.

ಊರಿನಲ್ಲಿ ಇಪ್ಪತ್ತು ಇಪ್ಪತ್ತೆರಡು ಮನೆಗಳಿದ್ದವು. ಬೆಂಕಿಯ ಗುರುತಿಲ್ಲ, ಗೋಡೆ ಬಿದ್ದಿಲ್ಲ. ಬಾಗಿಲುಗಳನ್ನು ಸುಮ್ಮನೆ ಮುಂದೆ ಮಾಡಿದ್ದರು. ಒಂದು ಅಂಗಳದ ಹಗ್ಗದ ಮೇಲೆ ಮಗುವಿನ ಹಸಿರು ಅಂಗಿ ಒಣಗಿ, ನೆನೆದು, ಮತ್ತೆ ಒಣಗಿ ಬಣ್ಣಗೆಟ್ಟಿತ್ತು. ಇನ್ನೊಂದು ಮನೆಯ ಒಲೆಯ ಮೇಲೆ ಹಂಚು ಹಾಗೇ ಇತ್ತು, ಹಂಚಿನ ಮೇಲೆ ಕಪ್ಪಗೆ ಕಲ್ಲಾದ ಒಂದು ರೊಟ್ಟಿ. ಊರ ನಡುವೆ ಮಣ್ಣಿನ ಗೋಡೆಯ ಸಣ್ಣ ಮಸೀದಿ. ಅದರ ಮೆಟ್ಟಿಲ ಕೆಳಗೆ ಹನ್ನೊಂದು ಜೊತೆ ಚಪ್ಪಲಿ ಸಾಲಾಗಿ ಬಿಟ್ಟಿದ್ದರು. ಅವುಗಳೊಳಗೆ ಬೇವಿನ ಒಣ ಎಲೆ ತುಂಬಿತ್ತು.

ಹಣಮಂತಪ್ಪನ ಹೆಂಡತಿ ಹೀರಾಬಾಯಿ ಚಪ್ಪಲಿಗಳನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇವಕ್ಕ ಯಾರೂ ಕೈ ಹಚ್ಚಬ್ಯಾಡ್ರಿ," ಎಂದಳು. ಯಾರೂ ಹಚ್ಚಲಿಲ್ಲ.

ಬೀಗ ಹಾಕಿದ್ದ ಮನೆ ಒಂದೇ. ಬಾಗಿಲ ಮೇಲಿನ ಪಟ್ಟಿಯಲ್ಲಿ ಉರ್ದುವಿನಲ್ಲಿ ಕೊರೆದ ಹೆಸರನ್ನು ಪ್ರಭಾಕರ ಓದಿದ: ನಜಮೋದ್ದೀನ.

"ನನ್ನ ತಮ್ಮಗ ಬೆಂಕಿ ಹಚ್ಚಿದಾಗ ಯಾರೂ ಹೆಸರು ಓದಲಿಲ್ರಿ," ಎಂದ ದತ್ತಾತ್ರಿ. ಮೂವತ್ತರ ಗಟ್ಟಿ ಆಳು. ತಮ್ಮ ಸತ್ತ ಮೇಲೆ ಅವನು ಹೆಚ್ಚು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕಲ್ಲೆತ್ತಿ ಮೂರು ಪೆಟ್ಟಿಗೆ ಬೀಗ ಮುರಿದು, ಹೆಂಡತಿ ಚಂದ್ರಭಾಗಾಳನ್ನು ಕರೆದುಕೊಂಡು ಒಳಗೆ ಹೋದ.

ಆ ಸಂಜೆ ಏಳು ಒಲೆ ಹೊತ್ತಿದವು.

ಮೊದಲ ವಾರದ ಕೊನೆಗೆ ಹೆಂಗಸರು ಬಾವಿಯ ಹತ್ತಿರ ಮಾತಾಡುತ್ತಾ ನಿಂತಾಗ ಒಂದು ವಿಷಯ ಹೊರಬಿತ್ತು. ಬೆಳಗ್ಗೆ ಎಲ್ಲರಿಗಿಂತ ಮುಂಚೆ ನೀರಿಗೆ ಬರುವವಳು ಹೀರಾಬಾಯಿ. ಅವಳು ಬರುವಷ್ಟರಲ್ಲಿ ಬಾವಿಯ ಹಗ್ಗ ಒದ್ದೆಯಾಗಿರುತ್ತಿತ್ತು. ಯಾರೋ ತನಗಿಂತ ಬೇಗ ಏಳುತ್ತಾರೆಂದು ಅವಳು ತಿಳಿದಿದ್ದಳು. ಕೇಳಿದರೆ ಯಾರೂ ಬಂದಿರಲಿಲ್ಲ.

"ಮತ್ತ ನನ್ನ ಅಂಗಳ ಯಾರು ಉಡುಗ್ತಾರ?" ಎಂದು ನಲಿನಿ ಕೇಳಿದಳು. "ಬಸುರಿ ಅಂತ ನೀವೇ ಯಾರರೆ ಉಡುಗ್ತೀರಿ ಅಂದ್ಕೊಂಡಿದ್ದೆ."

ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಕೊಡಗಳನ್ನು ಅಲ್ಲೇ ಬಿಟ್ಟು ಊರೆಲ್ಲ ಸುತ್ತಿ ನೋಡಿದರು. ತಾವಿದ್ದ ಏಳು ಮನೆಗಳ ಅಂಗಳವಷ್ಟೇ ಅಲ್ಲ, ಯಾರೂ ಇಲ್ಲದ ಮನೆಗಳ ಅಂಗಳದಲ್ಲೂ ಕಸಬರಿಗೆಯ ಗೀರುಗಳು ನುಣ್ಣಗೆ ಮೂಡಿದ್ದವು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಉಡುಗಿದವರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ತಮ್ಮ ಹೆಜ್ಜೆಯನ್ನೂ ಉಡುಗಿಕೊಂಡು ಹೋಗಿದ್ದರು.

ಊರಿನ ಪಡುವಲಕ್ಕೆ ಇನ್ನೊಂದು ಹಳೆಯ ಬಾವಿ ಇತ್ತು. ಅದರ ಬಾಯಿಗೆ ಜಾಲಿಯ ಮುಳ್ಳು ಒಟ್ಟಿ, ಮೇಲೆ ಕಲ್ಲು ಹೇರಿದ್ದರು. ಹುಲ್ಲು ಅಲ್ಲೇ ಚೆನ್ನಾಗಿತ್ತು. ಆದರೆ ಹಣಮಂತಪ್ಪ ಕುರಿಗಳನ್ನು ಎಷ್ಟು ಹೊಡೆದರೂ ಅವು ಅದರ ಹತ್ತಿರ ಹೋಗದೆ, ಬೇಲಿ ಹಾಕಿದ ಹಾಗೆ ದೂರವೇ ಗುಂಪಾಗಿ ನಿಲ್ಲುತ್ತಿದ್ದವು. ಮೂರು ದಿನ ನೋಡಿ ಅವನು ಹಿಂಡನ್ನು ಬೇರೆ ದಿಕ್ಕಿಗೆ ತಿರುಗಿಸಿದ. ಯಾಕೆಂದು ಯಾರಿಗೂ ಹೇಳಲಿಲ್ಲ.

ತಂದ ಹಿಟ್ಟು ಮುಗಿಯಿತು. ಹೊಲದಲ್ಲಿ ನಿಂತಿದ್ದ ಜೋಳವನ್ನು ಹಕ್ಕಿ ತಿಂದು, ಉಳಿದ ತೆನೆ ಮಳೆಗೆ ಕಪ್ಪಾಗಿತ್ತು. ಒಂದು ದಿನ ಹಣಮಂತಪ್ಪ ತಾನಿದ್ದ ಮನೆಯ ಅಂಗಳವನ್ನು ಕಬ್ಬಿಣದ ಸಲಾಕೆಯಿಂದ ಕುಟ್ಟುತ್ತ ಹೋದ. ಒಂದು ಕಡೆ ನೆಲ ಟೊಳ್ಳಾಗಿ ಸದ್ದು ಮಾಡಿತು. ಅಗೆದರೆ ಹಗೇವು. ನೆಲದೊಳಗಿನ ಆ ಕಣಜದಲ್ಲಿ ಜೋಳ ಕತ್ತಿನ ಮಟ್ಟಕ್ಕಿತ್ತು. ಕೈ ಹಾಕಿದರೆ ಬೆಚ್ಚಗಿತ್ತು.

ಎಲ್ಲರೂ ಸುತ್ತ ನಿಂತರು. ಮೊದಲು ಯಾರೂ ಬುಟ್ಟಿ ತರಲಿಲ್ಲ.

ಪ್ರಭಾಕರ ಇದ್ದಕ್ಕಿದ್ದ ಹಾಗೆ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟ.

"ಏನಾಯ್ತ್ರಿ ಮಾಸ್ತರ್ರ?"

"ಏನಿಲ್ಲ. ಒಂದು ಪಾಠ ನೆನಪಾಯ್ತು."

ಭಾಲ್ಕಿಯ ಸಾಲೆಯಲ್ಲಿ ಅವನು ಆರು ವರ್ಷ ಇತಿಹಾಸ ಕಲಿಸಿದ್ದ. ಅಮೇರಿಕದಲ್ಲಿ ಇಂಗ್ಲಿಷರು ವಸಾಹತು ಕಟ್ಟಿದ ಪಾಠ ಪ್ರತಿ ವರ್ಷ ಬರುತ್ತಿತ್ತು. ಈಗ ಅದನ್ನು ಆ ಗುಂಡಿಯ ದಂಡೆಯ ಮೇಲೆ ಕೂತು ಹಣಮಂತಪ್ಪನಿಗೆ ಹೇಳಿದ. ಮುನ್ನೂರು ವರ್ಷದ ಹಿಂದೆ ನೂರು ಮಂದಿ ಒಂದು ಹಡಗಿನಲ್ಲಿ ಸಮುದ್ರ ದಾಟಿ ಚಳಿಗಾಲದ ಬಾಯಿಗೆ ಬಂದಿಳಿದರು. ಉಣ್ಣಲು ಸಾಕಷ್ಟಿರಲಿಲ್ಲ. ದಂಡೆಯಲ್ಲಿ ಮರಳ ದಿಬ್ಬ ಕಂಡಿತು, ಅಗೆದರು. ಒಳಗೆ ಬುಟ್ಟಿಯಲ್ಲಿ ಯಾರೋ ಹೂತಿಟ್ಟ ಮೆಕ್ಕೆಜೋಳ. ಹೊತ್ತುಕೊಂಡು ಹೋದರು. ಆಮೇಲೆ ಒಳ್ಳೆಯ ನೀರಿದ್ದ, ಗಿಡ ಕಡಿದು ಹಸನು ಮಾಡಿದ ಹೊಲಗಳಿದ್ದ ಜಾಗ ಸಿಕ್ಕಿತು. ಅಲ್ಲೊಂದು ಊರಿತ್ತು. ಮೂರು ನಾಲ್ಕು ವರ್ಷದ ಹಿಂದೆ ದೊಡ್ಡ ರೋಗ ಬಂದು ಊರಿಗೆ ಊರೇ ಸತ್ತುಹೋಗಿತ್ತು. ಆ ಸತ್ತ ಊರಿನ ಮೇಲೆ ಅವರು ಮನೆ ಕಟ್ಟಿದರು.

"ಪುಸ್ತಕದಾಗ ಖಾಲಿ ಜಮೀನು ಅಂತ ಬರದಿತ್ತು," ಎಂದ ಪ್ರಭಾಕರ. "ನಮ್ಮ ಸಾಲಿಯೊಳಗ ಅಬ್ದುಲ ಗಫೂರ ಅಂತ ಉರ್ದು ಮಾಸ್ತರ ಇದ್ರು. ಹಡಗಿನ ಮಂದೀದು ಎಲ್ಲಾ ಅವರೇ ಒಂದು ದಪ್ಪ ಇಂಗ್ಲಿಷ ಪುಸ್ತಕ ತಂದು ನನಗ ತೋರಿಸಿದ್ರು. ಖಾಲಿ ಅಂತೀರಿ, ಆ ಜೋಳ ಯಾರು ಹೂಳಿದ್ರು, ಹುಡುಗರು ಕೇಳಿದ್ರ ಏನು ಹೇಳ್ತೀರಿ, ಅಂತ ನಗ್ತಿದ್ರು."

"ಈಗ ಎಲ್ಲಿ ಅದಾರ ಅವರು?"

"ಗೊತ್ತಿಲ್ಲ. ಹೈದರಾಬಾದಿಗೆ ಹೋದ್ರು ಅಂತಾರ."

ಹಣಮಂತಪ್ಪ ಒಂದು ಹಿಡಿ ಜೋಳ ತೆಗೆದು ಬೆರಳ ಸಂದಿಯಿಂದ ಉದುರಿಸಿದ. "ಆ ಹಡಗಿನ ಮಂದಿ ಬದುಕಿದರೇನ್ರಿ?"

"ಮೊದಲನೇ ಚಳಿಗಾಲಕ್ಕ ಅರ್ಧ ಮಂದಿ ಸತ್ರು. ಉಳಿದವರು ಬೆಳದ್ರು. ಹಿಂದಿಂದ ಹಡಗ ಮ್ಯಾಲ ಹಡಗ ಬಂದ್ವು. ಆ ಸತ್ತ ಊರಾಂವ ಒಬ್ಬ ಉಳದಿದ್ದ. ಅವನ್ನ ಮೊದಲೇ ಹಿಡಕೊಂಡು ಸಮುದ್ರದಾಚೆ ಮಾರಿದ್ರು. ತಪ್ಪಿಸ್ಕೊಂಡು ತಿರುಗಿ ಬಂದ್ರ ಊರೇ ಇಲ್ಲ. ಅವನೇ ಇವರಿಗೆ ಬಿತ್ತೂದು ಕಲಿಸಿದ."

"ಅವನ ಜಾಗಾ ಅವನಿಗೆ ಕೊಟ್ರೇನ್ರಿ?"

"ಹಂಗಂತ ಎಲ್ಲೂ ಬರದಿಲ್ಲ."

ಹಣಮಂತಪ್ಪ ಕೈಗಂಟಿದ ಧೂಳು ಕೊಡವಿಕೊಂಡ. ಆಮೇಲೆ ಹೀರಾಬಾಯಿಗೆ, "ಬುಟ್ಟಿ ತಾ. ಮಕ್ಕಳು ಹಸದಾವ," ಎಂದ. ಅಂದು ಏಳೂ ಮನೆಯಲ್ಲಿ ರೊಟ್ಟಿ ಬಡಿದರು. ನಲಿನಿಯೂ ಎರಡು ರೊಟ್ಟಿ ತಿಂದಳು. ತಿನ್ನುವಾಗ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು.

ಅದಾದ ಎರಡನೆಯ ದಿನ ಬೀಸುವ ಸದ್ದು ಶುರುವಾಯಿತು.

ಮಟಮಟ ಮಧ್ಯಾಹ್ನ ಚಂದ್ರಭಾಗಾ ನಲಿನಿಯ ಬಾಗಿಲಿಗೆ ಓಡಿಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. "ಅಕ್ಕಾ, ನಮ್ಮ ಒಳಮನಿಯೊಳಗ ಯಾರೋ ಬೀಸ್ಲತ್ತಾರ. ನಾ ಹೊರಗ ಕಟ್ಟಿ ಮ್ಯಾಲ ಕೂತಿದ್ದೆ. ಒಳಗ ಯಾರೂ ಇಲ್ಲ."

ನಾಲ್ಕಾರು ಜನ ಹೋದರು. ಅಂಗಳಕ್ಕೆ ಕಾಲಿಡುತ್ತಲೇ ಎಲ್ಲರಿಗೂ ಕೇಳಿತು. ಕಲ್ಲಿನ ಮೇಲೆ ಕಲ್ಲು ತಿರುಗುವ ಗುರುಗುರು ಸದ್ದು, ಒಂದೇ ಲಯದಲ್ಲಿ. ನಡುನಡುವೆ ಕಾಳು ಹಾಕುವಾಗ ಬಳೆ ತಾಕುವ ಕಿಣಿ. ದತ್ತಾತ್ರಿ ಬಾಗಿಲು ನೂಕಿದ. ಸದ್ದು ನಿಂತಿತು. ಒಳಮನೆಯ ಮೂಲೆಯಲ್ಲಿ ಬೀಸುಕಲ್ಲು ಇತ್ತು. ಅದರ ಗೂಟದಿಂದ ಗೋಡೆಯವರೆಗೆ ಹಬ್ಬಿದ್ದ ಜೇಡರಬಲೆಯ ಒಂದು ಎಳೆಯೂ ಹರಿದಿರಲಿಲ್ಲ.

ದತ್ತಾತ್ರಿ ಹಲ್ಲು ಕಚ್ಚಿ ಮೇಲಿನ ಕಲ್ಲನ್ನು ಎತ್ತಿ ಹೊರಗೆ ತಂದು ಅಂಗಳಕ್ಕೆ ಒಗೆದ. ಮರುದಿನ ಅದೇ ಹೊತ್ತಿಗೆ, ಕಲ್ಲು ಅಂಗಳದಲ್ಲಿ ಬಿಸಿಲಿಗೆ ಬಿದ್ದಿರುವಾಗಲೇ, ಒಳಗಿನಿಂದ ಬೀಸುವ ಸದ್ದು ಬಂತು.

ಚಂದ್ರಭಾಗಾ ಹೀರಾಬಾಯಿಯ ಮನೆಗೆ ಹೋಗಿ ಇದ್ದಳು. ದತ್ತಾತ್ರಿ ಬಿಟ್ಟು ಬರಲಿಲ್ಲ. ಮಧ್ಯಾಹ್ನವಾದರೆ ಒಳಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದ. ಒಂದು ದಿನ ಅವನನ್ನು ಊಟಕ್ಕೆ ಕರೆಯಲು ಹೋದ ಪ್ರಭಾಕರನಿಗೆ ಅವನ ಮಾತು ಕೇಳಿಸಿತು. ದತ್ತಾತ್ರಿ ತಲೆ ತಗ್ಗಿಸಿ, ದೊಡ್ಡವರ ಮುಂದೆ ಮಾತಾಡುವ ದನಿಯಲ್ಲಿ, "ನಾ ಇಲ್ಲಿ ಇದ್ದಿಲ್ರಿ. ನಾ ಸೋಲಾಪುರ ಕಡೆ ಇದ್ದೆ. ಖರೇನೇ ಇದ್ದಿಲ್ರಿ," ಎನ್ನುತ್ತಿದ್ದ. ಒಳಗೆ ಬೀಸುವುದು ನಡೆದೇ ಇತ್ತು. ಪ್ರಭಾಕರ ಕರೆಯದೆ ಹಿಂದಿರುಗಿದ.

ನಲಿನಿಗೆ ನೋವು ಶುರುವಾದದ್ದು ಕಾರ್ತಿಕದ ಕೊನೆಯಲ್ಲಿ, ಎರಡು ವಾರ ಮುಂಚೆ. ನಸುಕಿನಲ್ಲಿ ಹಿಡಿದ ನೋವು ಮಧ್ಯಾಹ್ನವಾದರೂ ಬಿಡಲಿಲ್ಲ. ಹೀರಾಬಾಯಿ ಹತ್ತು ಹೆರಿಗೆ ಮಾಡಿಸಿದವಳು. ಆದರೆ ಹೊರಗೆ ಬಂದಾಗ ಅವಳ ಮುಖ ಬೂದಿಯಾಗಿತ್ತು.

"ತಲಿ ಬರ್ಲತ್ತಿಲ್ರಿ ಮಾಸ್ತರ್ರ. ಕಾಲು ಬಂದದ. ಒಂದೇ ಕಾಲು. ನನಗ ಇದು ಆಗೂದಿಲ್ರಿ. ಬೀದರಿಗೆ ಒಯ್ಯಬೇಕು."

ಬೀದರು ಎಲ್ಲಿ, ಎತ್ತಿನ ಬಂಡಿ ಎಲ್ಲಿ! ಒಂದು ಹಗಲು, ಒಂದು ರಾತ್ರಿಯ ದಾರಿ. ಪ್ರಭಾಕರ ಬಾಗಿಲಲ್ಲೇ ನಿಂತ. ಒಳಗಿನಿಂದ ನಲಿನಿಯ ಕೂಗು ಊರೆಲ್ಲ ತುಂಬುತ್ತಿತ್ತು. ಆ ಖಾಲಿ ಮನೆಗಳು ಅದನ್ನು ಒಂದೊಂದಾಗಿ ತಿರುಗಿ ಕೂಗಿದ ಹಾಗೆ ಕೇಳುತ್ತಿತ್ತು.

ಆಗ ಮಸೀದಿಯ ಹಿಂದಿನಿಂದ ಒಬ್ಬ ಮುದುಕಿ ನಡೆದು ಬಂದಳು.

ಮೈಯೆಲ್ಲ ಮಣ್ಣು. ಸೀರೆ ಯಾವ ಬಣ್ಣದ್ದೆಂದು ತಿಳಿಯುತ್ತಿರಲಿಲ್ಲ. ಕೂದಲು ಜಡೆಗಟ್ಟಿತ್ತು. ನಟ್ಟ ನಡು ಬಿಸಿಲಿನಲ್ಲಿ, ಯಾರನ್ನೂ ನೋಡದೆ, ನೆಟ್ಟಗೆ ಬಂದಳು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಓಡಿದರು. ಒಬ್ಬಾತ ಕೊಡಲಿಗೆ ಕೈ ಹಾಕಿದ. ಹಣಮಂತಪ್ಪ ಮಾತ್ರ ಅವಳ ಕಾಲ ಕೆಳಗೆ ನೋಡಿದ. ನೆರಳಿತ್ತು.

"ದಾರಿ ಬಿಡ್ರಪ್ಪಾ," ಎಂದಳು ಮುದುಕಿ. ಬಹಳ ದಿನ ಮಾತಾಡದವರ ದನಿ, ಒಣಗಿ ಬಿರಿದಿತ್ತು. "ಆ ಕೂಗು ನನಗ ಗೊತ್ತದ. ಕಾಲು ಮುಂದಾಗದ. ಎಣ್ಣಿ ಕೊಡ್ರಿ, ಬಿಸಿನೀರು ಕೊಡ್ರಿ. ಈ ಕೈಲೆ ಈ ಊರಾಗ ನಾನೂರು ಮಕ್ಕಳ ಹಿಡದೇನಿ."

ಪ್ರಭಾಕರ ಬಾಗಿಲಿನಿಂದ ಸರಿದ. ಅವಳು ಮೊಣಕೈವರೆಗೆ ಕೈ ತೊಳೆದುಕೊಂಡು ಒಳಗೆ ಹೋದಳು.

ಒಂದು ಗಳಿಗೆಗೆ ಮಗುವಿನ ಅಳು ಕೇಳಿತು. ಹೆಣ್ಣು. ತಾಯಿಯೂ ಉಳಿದಳು.

ಮುದುಕಿಯ ಹೆಸರು ಬಿಸ್ಮಿಲ್ಲಾಬೀ. ಊರಿಗೆಲ್ಲ ಸೂಲಗಿತ್ತಿಯಾಗಿದ್ದವಳು. ಹೀರಾಬಾಯಿ ಹಾಲು ಹಾಕಿ ಕಲಸಿದ ರೊಟ್ಟಿ ಕೊಟ್ಟಳು. ತಿಂದ ಮೇಲೆ, ಬಾಣಂತಿಯ ಕಾಲು ನೀವುತ್ತಲೇ, ಅವಳು ಕೇಳಿದವರಿಗೆಲ್ಲ ಉತ್ತರ ಹೇಳಿದಳು. ಮಸೀದಿಯ ಹಿಂದೆ ಒಂದು ಬರಿದಾದ ಹಗೇವಿನೊಳಗೆ ಎರಡು ತಿಂಗಳಿಂದ ಇದ್ದಳು. ಬೆಳಕು ಹರಿಯುವ ಮುಂಚೆ ನೀರು ಸೇದಿಕೊಳ್ಳುತ್ತಿದ್ದಳು. ತಿನ್ನಲು ಹೊಲದ ತೊಗರಿಕಾಯಿ.

"ಅಂಗಳ ಯಾಕ ಉಡುಗ್ತಿದ್ದಿ ಅಮ್ಮಾ?" ಎಂದ ಹಣಮಂತಪ್ಪ.

"ಕಸ ಬಿದ್ದ ಮನಿಗಿ ಮಂದಿ ತಿರುಗಿ ಬರೂದಿಲ್ಲಪ್ಪಾ."

ಆ ದಿನದ ಮಾತನ್ನು ಅವಳು ನಾಲ್ಕೇ ವಾಕ್ಯದಲ್ಲಿ ಹೇಳಿದಳು. ಫೌಜು ಮುಂದೆ ಹೋಯಿತು, ಅದರ ಹಿಂದೆ ಬೇರೆ ಮಂದಿ ಬಂದರು. ಗಂಡಸರು ನಮಾಜಿಗೆ ನಿಂತಿದ್ದರು. ಅವರನ್ನು ಬರಿಗಾಲಲ್ಲೇ ಹಳ್ಳದ ಕಡೆ ನಡೆಸಿಕೊಂಡು ಹೋದರು. ಹೆಂಗಸರಲ್ಲಿ ಕೆಲವರು ಬೀದರಿನ ಕಡೆ ಓಡಿದರು, ಓಡಲಾಗದವರು ಪಡುವಲದ ಬಾವಿಗೆ ಹಾರಿದರು.

ಬಾಗಿಲಲ್ಲಿ ನಿಂತಿದ್ದ ದತ್ತಾತ್ರಿ ಆ ದಿನ ಮೊದಲ ಬಾರಿ ಬಾಯಿ ಬಿಟ್ಟ. "ನಜಮೋದ್ದೀನನ ಮನಿಯವರು?"

"ಅವನ ಹೆಂಡತಿ. ಅವನ ಸೊಸಿ ಮುನವ್ವರ ಬೇಗಂ. ಇಬ್ಬರೂ ಬಾವಿಯೊಳಗ ಅದಾರ." ಬಿಸ್ಮಿಲ್ಲಾಬೀ ಅವನ ಮುಖವನ್ನು ದಿಟ್ಟಿಸಿದಳು. "ಆ ಮನಿಯೊಳಗ ಮಧ್ಯಾಹ್ನ ಬೀಸೂದು ನಿನ್ನ ಹೆಂಡತಿ ಅಲ್ಲೇನಪ್ಪಾ? ನಾ ಆಕಿನೇ ಅಂದ್ಕೊಂಡಿದ್ದೆ. ನಾ ಹಗಲ ಹೊತ್ತು ಹೊರಗ ಬಂದಾಕಿ ಅಲ್ಲ."

ಮಗು ಒಮ್ಮೆ ಸೀನಿತು. ದತ್ತಾತ್ರಿ ಇಳಿದು ಹೋದ. ಅಂಗಳದಲ್ಲಿ ಬಿದ್ದಿದ್ದ ಕಲ್ಲನ್ನು ಎದೆಗವಚಿ ಒಳಗೆ ಒಯ್ದು ಇದ್ದ ಜಾಗದಲ್ಲಿ ಕೂರಿಸಿದ. ತನ್ನ ಹಾಸಿಗೆ ಸುತ್ತಿಕೊಂಡು ಹೊರಬಂದು ಬಾಗಿಲು ಮುಂದೆ ಮಾಡಿದ. ಅಂದಿನಿಂದ ಬಂಡಿಯ ಕೆಳಗೆ ಮಲಗತೊಡಗಿದ.

ಹಣಮಂತಪ್ಪ ಮೂರು ದಿನ ಯೋಚಿಸಿ ಏಳೂ ಮನೆಯವರನ್ನು ಬೇವಿನ ಮರದ ಕೆಳಗೆ ಕೂಡಿಸಿದ. "ಹಳ್ಳದ ಆಚೆ ಗಾಯರಾಣ ಅದ. ದನ ಮೇಯೂ ಜಾಗಾ, ಯಾರ ಮನೀನೂ ಅಲ್ಲ. ಅಲ್ಲಿ ಗುಡಿಸಲ ಹಾಕ್ಕೊಳ್ಳೋಣು," ಎಂದ.

"ನಮ್ಮ ಮನಿ ಸುಟ್ಟಾಗ ನಮಗ್ಯಾರು ಬಿಟ್ಟುಕೊಟ್ರು?" ಎಂದು ಒಬ್ಬ ಸಿಟ್ಟಾದ. ಬಹಳ ಹೊತ್ತು ಜಗಳವಾಯಿತು. ಎರಡು ಮನೆಯವರು ಒಪ್ಪದೆ ಭಾಲ್ಕಿಯ ಕಡೆ ಹೊರಟುಹೋದರು. ಉಳಿದ ಐದು ಮನೆಯವರು ಹಳ್ಳ ದಾಟಿದರು. ದತ್ತಾತ್ರಿ ಎಲ್ಲರಿಗಿಂತ ಮೊದಲು ದಾಟಿ ಗೂಟ ಹೊಡೆದ.

ಪ್ರಭಾಕರ ಬೀದರಿಗೆ ಹೋಗಿ ನೌಬಾದದ ಹತ್ತಿರ ಆಸರೆ ಪಡೆದಿದ್ದ ಜಮಾಲವಾಡಿಯ ಜನರನ್ನು ಹುಡುಕಿದ. ಮೊದಲ ದಿನ ಯಾರೂ ಅವನ ಮಾತು ನಂಬಲಿಲ್ಲ. ಎರಡನೆಯ ಸಲ ಬಿಸ್ಮಿಲ್ಲಾಬೀಯನ್ನೇ ಬಂಡಿಯಲ್ಲಿ ಕರೆದೊಯ್ದ. ಮಾಘದಲ್ಲಿ ಹದಿನೇಳು ಜನ ಮರಳಿದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಹಗೇವಿನಿಂದ ತೆಗೆದ ಜೋಳದ ಮಾತು ಬಂದಾಗ ಹಣಮಂತಪ್ಪ ಆರು ಕುರಿಗಳನ್ನು ಅವರ ಅಂಗಳದಲ್ಲಿ ಕಟ್ಟಿ ಬಂದ.

ಪಡುವಲದ ಬಾವಿಯ ಮುಳ್ಳು ತೆಗೆದು, ಒಳಗಿದ್ದವರಿಗೆ ಆಗಬೇಕಾದದ್ದನ್ನೆಲ್ಲ ಅವರ ಪದ್ಧತಿಯಂತೆ ಮಾಡಿಸಿದ ಮೇಲೆ ಎರಡೂ ದಂಡೆಯ ಜನ ಸೇರಿ ಬಾವಿಗೆ ಮಣ್ಣು ತುಂಬಿದರು. ಎರಡು ದಿನ ಹಿಡಿಯಿತು. ಯಾರೂ ಹಾಡಲಿಲ್ಲ, ಅಳಲೂ ಇಲ್ಲ. ಬುಟ್ಟಿಗಳ ಸದ್ದಷ್ಟೇ.

ನಜಮೋದ್ದೀನನ ಮನೆಗೆ ಯಾರೂ ಬರಲಿಲ್ಲ. ಅದರ ಮುಂದೆ ಹಾದುಹೋಗುವವರಿಗೆ ಕೆಲವು ಮಧ್ಯಾಹ್ನ ಸದ್ದು ಕೇಳುತ್ತಿತ್ತು, ಕೆಲವು ದಿನ ಇಲ್ಲ. ಎರಡೂ ಕಡೆಯವರು ಅಲ್ಲಿ ಹೆಜ್ಜೆ ನಿಧಾನ ಮಾಡಿ, ಹೆಂಗಸರಾದರೆ ತಲೆಯ ಮೇಲೆ ಸೆರಗೆಳೆದುಕೊಂಡು ಹೋಗುವುದನ್ನು ಕಲಿತರು. ಮೂರನೆಯ ಮಳೆಗಾಲಕ್ಕೆ ಛಾವಣಿ ಕುಸಿಯಿತು.

ಹಳ್ಳದ ಆಚೆಯ ಗುಡಿಸಲುಗಳಿಗೆ ಮಣ್ಣಿನ ಗೋಡೆ ಬಂತು. ಐದಿದ್ದದ್ದು ಎಂಟು ಮನೆಯಾಯಿತು. ಪ್ರಭಾಕರನಿಗೆ ಸಂತಪುರದ ಸಾಲೆಯಲ್ಲಿ ಕೆಲಸ ಸಿಕ್ಕಿತು. ಅವನು ಹಳ್ಳದ ಆಚೆಯ ಮನೆಯಿಂದಲೇ ನಡೆದು ಹೋಗಿ ಬರುತ್ತಿದ್ದ.

ನಲಿನಿಗೆ ಎರಡನೆಯ ಸಲ ನೋವು ಬಂದದ್ದು ಆಷಾಢದ ಒಂದು ಬೆಳಗ್ಗೆ. ಹಳ್ಳ ಮೊಣಕಾಲು ಮಟ್ಟ ಹರಿಯುತ್ತಿತ್ತು. ಸುದ್ದಿ ಮುಟ್ಟಿಸಲು ಓಡಿದ ದತ್ತಾತ್ರಿ ಇನ್ನೂ ಆಚೆ ದಂಡೆ ಮುಟ್ಟಿರಲಿಲ್ಲ. ಅಷ್ಟರಲ್ಲಿ ಕೂಗು ಕೇಳಿದ ಬಿಸ್ಮಿಲ್ಲಾಬೀ ತಾನೇ ಸೀರೆ ಎತ್ತಿಕಟ್ಟಿ, ಕೋಲು ಊರಿ ನೀರಿಗಿಳಿದಿದ್ದಳು. ಸೆಳವಿನ ನಡುವೆ ನಿಂತು, ಕೈ ಹಿಡಿಯಲು ಬಂದ ಅವನಿಗೆ ಬೈದಳು:

"ನನ್ನ ಕೈ ಯಾಕ ಹಿಡೀತಿ? ನಾ ಬೀಳೂದಿಲ್ಲ. ತಿರುಗಿ ಓಡು, ನೀರು ಕಾಯ್ಸಂತ ಹೇಳು!"